ಕಾಲಿಗೆ ಎಕ್ಸ್‌ಟರ್ನಲ್ ಫಿಕ್ಸೇಟರ್ ಹಾಕಿದ್ದಾರೆ: ಚೇತರಿಕೆಗೆ ಎಷ್ಟು ಕಾಲ ಬೇಕು, ಆರೈಕೆ ಹೇಗೆ?

ಸಕಲೇಶಪುರದ ಬಳಿ ಬೈಕಿನಿಂದ ಬಿದ್ದ ನಿಮ್ಮ ತಮ್ಮನ ಮೊಣಕಾಲಿನ ಕೆಳಗಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು, ಹಾಸನದಲ್ಲಿ ಫಿಕ್ಸೇಟರ್ (ಚರ್ಮದ ಮೂಲಕ ಮೂಳೆಗೆ ಕೂರಿಸಿದ ಲೋಹದ ಪಿನ್ನುಗಳನ್ನು ಕಾಲಿನ ಹೊರಗಿನಿಂದ ಹಿಡಿದಿಡುವ ಚೌಕಟ್ಟು) ಹಾಕಿದ್ದಾರೆ ಎಂದು ಬರೆದಿದ್ದೀರಿ. ಈ ಮೂಳೆಯ ಮುಂಭಾಗಕ್ಕೆ ಚರ್ಮದ ಹೊದಿಕೆಯಷ್ಟೇ ಇದ್ದು, ಮಾಂಸಖಂಡದ ಆಸರೆಯೂ ಅದರಿಂದ ದೊರೆಯುವ ರಕ್ತಪೂರೈಕೆಯೂ ಕಡಿಮೆಯಾದ್ದರಿಂದ, ಇಂತಹ ಗಾಯದಲ್ಲಿ ಮೂಳೆ ಕೂಡಲು 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುವುದು ಅಸಹಜವಲ್ಲ. ತಡವಾಯಿತೆಂದು ದಯವಿಟ್ಟು ಧೈರ್ಯಗೆಡಬೇಡಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಪಿನ್ನುಗಳು ಚರ್ಮವನ್ನು ಹೊಕ್ಕ ಜಾಗದ ಶುಚಿತ್ವ. ಕೈ ತೊಳೆದುಕೊಂಡು, ವೈದ್ಯರು ಹೇಳಿದ ದ್ರಾವಣದಲ್ಲಿ ಅದ್ದಿದ ಶುದ್ಧ ಗಾಜ್ ಬಟ್ಟೆಯಿಂದ, ಒಂದು ಪಿನ್ನಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸದೆ ಒರೆಸಬೇಕು. ಮಲೆನಾಡಿನ ಆಷಾಢದಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲವಾದ್ದರಿಂದ, ತೇವಗೊಂಡ ಪಟ್ಟಿಯನ್ನು ಹಾಗೆಯೇ ಬಿಡದೆ ಬದಲಿಸಿ. ಅರಿಶಿನವನ್ನಾಗಲಿ ಸೊಪ್ಪಿನ ರಸವನ್ನಾಗಲಿ ಹಚ್ಚಬೇಡಿ. ತುಸು ತಿಳಿನೀರು ಒಸರುವುದು ಸಾಮಾನ್ಯ. ಆದರೆ ಕೀವು, ಹಬ್ಬುತ್ತಿರುವ ಕೆಂಪು, ಜ್ವರ, ಸಡಿಲವಾದ ಪಿನ್ನು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹಾಸನಕ್ಕೆ ಹೊರಡಿ.

ಪಾದ ಕೆಳಕ್ಕೆ ಬಾಗಿ ಬಿಗಿಯಾಗದಂತೆ, ಫಿಸಿಯೋಥೆರಪಿಯವರು ತೋರಿಸಿದ ಹಾಗೆ ದಿನಕ್ಕೆ ಹಲವು ಬಾರಿ ಅದನ್ನು ಮೇಲಕ್ಕೆಳೆಯುವ ವ್ಯಾಯಾಮ ಮಾಡಿಸಿ. ಕಾಲೂರುವುದು ಎಕ್ಸ್‌ರೇ ನೋಡಿ ವೈದ್ಯರು ಹೇಳಿದಷ್ಟೇ ಇರಲಿ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಲಿ, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ.