ನಿಮ್ಮ ನಾಣ್ಯದ ಅಲೆಕ್ಸಾಂಡರ್ ಬೇರೆ

ಪ್ರಶ್ನೆ: ನಾನಿರುವುದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಇಲ್ಲಿನ ನಾಣ್ಯ ಮೇಳದಲ್ಲಿ ಒಂದು ಸಣ್ಣ ಕಂಚಿನ ನಾಣ್ಯ ಕೊಂಡೆ. ಅಗಲ 19 ಮಿಲಿಮೀಟರ್, ತೂಕ ಸುಮಾರು 4 ಗ್ರಾಂ. ಒಂದು ಕಡೆ ಎಲೆಯ ಮಾಲೆ ಮುಡಿದ ಹುಡುಗನ ತಲೆ, ಸುತ್ತ ‘ಅಲೆಕ್ಸಾಂಡ್ರೋಸ್’ ಎಂದು ಓದಿಕೊಳ್ಳಬಹುದಾದ ಅಕ್ಷರಗಳು. ಇನ್ನೊಂದು ಕಡೆ ಮೂರು ಕಂಬ. ಇದು ಜಗತ್ತು ಗೆಲ್ಲಲು ಹೊರಟ ಅಲೆಕ್ಸಾಂಡರನದೇ? ರೋಮನ್ ನಾಣ್ಯಗಳ ಪಟ್ಟಿಯಲ್ಲೂ ಹುಡುಕಿದೆ, ಸಿಗುತ್ತಿಲ್ಲ.

ಉತ್ತರ: ಅವನದಲ್ಲ. ಅವನು ಸತ್ತು ಐನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಬಂದ ರೋಮ್‌ನ ಚಕ್ರವರ್ತಿ ಸೆವೆರಸ್ ಅಲೆಕ್ಸಾಂಡರ್ ಇವನು. 222ರಲ್ಲಿ ಪಟ್ಟಕ್ಕೆ ಬಂದಾಗ ವಯಸ್ಸು 13. ಮುಖ ಹುಡುಗನಂತೆ ಕಾಣುವುದು ಅದಕ್ಕೇ. 235ರಲ್ಲಿ ಅವನ ಸೈನಿಕರೇ ಅವನನ್ನೂ ತಾಯಿಯನ್ನೂ ಕೊಂದರು. ಅದು ನಡೆದದ್ದು ಮೈನ್ಸ್ ಬಳಿ, ನಿಮ್ಮ ಊರಿನ ಪಕ್ಕದಲ್ಲೇ.

ಪಟ್ಟಿಯಲ್ಲಿ ಸಿಗದಿರಲು ಕಾರಣವಿದೆ. ನೀವು ನೋಡಿದ್ದು ಚಕ್ರವರ್ತಿಯ ಟಂಕಸಾಲೆಗಳ ಪಟ್ಟಿ ಇರಬೇಕು. ಆದರೆ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ನೂರಾರು ಊರುಗಳು ತಮ್ಮ ಸಂತೆಪೇಟೆಗೆ ಬೇಕಾದ ಚಿಲ್ಲರೆಯನ್ನು ತಾವೇ ಹೊಡೆಸುತ್ತಿದ್ದವು. ಮುಂದೆ ಚಕ್ರವರ್ತಿಯ ತಲೆ, ಹಿಂದೆ ಊರಿನ ದೇವರೋ ಗುಡಿಯೋ ಗುಡ್ಡವೋ. ಅಕ್ಷರ ಹೆಚ್ಚಾಗಿ ಗ್ರೀಕ್. ಇವನ್ನೇ ಪ್ರಾಂತೀಯ ನಾಣ್ಯ ಅನ್ನುವುದು.

ಆದ್ದರಿಂದ ಇಂಥ ನಾಣ್ಯ ಕೈಗೆ ಬಂದಾಗ ಮೊದಲು ಹಿಂಬದಿ ನೋಡಿ. ರಾಜ ಯಾರು ಅನ್ನುವುದು ಆಮೇಲೆ. ಒಬ್ಬನೇ ರಾಜನ ತಲೆ ಎಷ್ಟೋ ಊರುಗಳ ನಾಣ್ಯದ ಮೇಲಿದೆ, ಊರು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಗ್ರೀಕ್ ಪೂರ್ತಿ ಕಲಿಯಬೇಕಿಲ್ಲ, ನಾಲ್ಕು ಅಕ್ಷರ ಸಾಕು. ಇಂಗ್ಲಿಷಿನ ‘ಸಿ’ ಥರ ಕಂಡರೆ ಅದು ಸ. ‘ಪಿ’ ಥರ ಕಂಡರೆ ರ. ‘ಎಚ್’ ಥರ ಇದ್ದರೆ ಏ. ‘ಡಬ್ಲ್ಯು’ ಥರ ದುಂಡಗಿದ್ದರೆ ಓ. ಊರ ಹೆಸರು ಬಹಳ ಸಲ ‘ಓನ್’ ಎಂದು ಕೊನೆಯಾಗುತ್ತದೆ. ಇಂಥ ಊರವರ ನಾಣ್ಯ ಎಂದು ಅರ್ಥ.

ಈಗ ನಿಮ್ಮದನ್ನು ಭೂತಗನ್ನಡಿಯಲ್ಲಿ ನೋಡಿ. ಬೆಳಕು ಪಕ್ಕದಿಂದ, ತಗ್ಗಿನಲ್ಲಿ ಬೀಳಲಿ. ಆ ಮೂರು ಕಂಬ ರೋಮನ್ ಸೈನ್ಯದ ಧ್ವಜಗಂಬಗಳು. ಅವುಗಳ ಸಂದಿಯಲ್ಲೂ ಪಕ್ಕದಲ್ಲೂ ಎನ್, ಐ, ಕೆ, ಎ, ಐ, ಇ, ದುಂಡನೆಯ ಡಬ್ಲ್ಯು, ಎನ್ ಬಿಡಿಬಿಡಿಯಾಗಿ ಸಿಗಬೇಕು. ಸೇರಿಸಿ ಓದಿದರೆ ‘ನಿಕೈಯೆಓನ್’. ಅಂದರೆ ನಿಕೈಯ ಊರಿನದು. ಇಂದಿನ ಟರ್ಕಿಯ ಇಜ್ನಿಕ್ ಅದು. 325ರಲ್ಲಿ ಕ್ರೈಸ್ತ ಧರ್ಮಗುರುಗಳ ದೊಡ್ಡ ಸಭೆ ಸೇರಿದ್ದೂ ಅಲ್ಲೇ. ಈ ಬಗೆಯ ನಾಣ್ಯ ಬಹಳ ಸಿಗುತ್ತದೆ, ಬೆಲೆಯೂ ಕಡಿಮೆ. ಹಾಗೆಂದು ಬೇಜಾರಾಗಬೇಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ನಾಣ್ಯ ನನಗಂತೂ ಕಾಣದು.

ಪೂರ್ತಿ ವಿವರಕ್ಕೆ ‘ರೋಮನ್ ಪ್ರಾವಿನ್ಷಿಯಲ್ ಕಾಯಿನೇಜ್ ಆನ್‌ಲೈನ್’ ಜಾಲತಾಣ ನೋಡಿ. ದುಡ್ಡು ಕೊಡಬೇಕಿಲ್ಲ. ಊರು, ರಾಜ, ಹಿಂಬದಿಯ ಚಿತ್ರ ಯಾವುದರಿಂದಲೂ ಹುಡುಕಬಹುದು. ಎಲ್ಲ ಊರಿನ ನಾಣ್ಯವೂ ಇಷ್ಟು ಕಷ್ಟವಲ್ಲ. ಇಂದಿನ ಸರ್ಬಿಯಾದಲ್ಲಿದ್ದ ವಿಮಿನಾಸಿಯಂ ಊರಿನದು ಲ್ಯಾಟಿನ್‌ನಲ್ಲೇ ಇದೆ, ಒಬ್ಬ ದೇವತೆಯ ಆಚೆ ಈಚೆ ಗೂಳಿ ಮತ್ತು ಸಿಂಹ ನಿಂತಿರುತ್ತವೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ನಾಣ್ಯದಲ್ಲಿ ‘ಎಲ್’ ಥರದ ಗುರುತು ಕಂಡರೆ ಮುಂದಿನ ಅಕ್ಷರ ಅಂಕಿಯ ಬದಲು ಬರೆದದ್ದು, ಅದು ರಾಜನ ಆಳ್ವಿಕೆಯ ವರ್ಷ. ಇನ್ನೊಂದು ಮಾತು: ಕೆಲವು ಊರುಗಳ ನಾಣ್ಯಕ್ಕೆ ನಟ್ಟನಡುವೆ ಚಿಕ್ಕ ಗುಳಿ ಇರುತ್ತದೆ. ಹಾಳಾಗಿದೆ ಎಂದು ಹೊಸಬರು ಬಿಟ್ಟುಬಿಡುತ್ತಾರೆ. ಅದು ಹೊಡೆಯುವ ಮೊದಲು ಬಿಲ್ಲೆಯನ್ನು ಸಜ್ಜು ಮಾಡುವಾಗ ಉಳಿದ ಗುರುತು, ದೋಷವಲ್ಲ.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಮನೆ. ಹರಾಜಿನಲ್ಲಿ ಕೊಂಡ ಎರಡು ರೋಮನ್ ಕಂಚಿನ ನಾಣ್ಯಗಳ ಮೇಲೆ ಈ ಮಳೆಗಾಲದಲ್ಲಿ ಹಸಿರು ಬಂದಿದೆ. ಹುಣಸೆಹಣ್ಣು ಹಾಕಿ ಉಜ್ಜಲೇ?

ಉತ್ತರ: ದಯವಿಟ್ಟು ಬೇಡ. ಹುಣಸೆಹಣ್ಣು, ನಿಂಬೆಹಣ್ಣು ಎರಡೂ ದೇವರ ಸಾಮಾನಿಗಿರಲಿ. ನಾಣ್ಯಕ್ಕೆ ಶತಮಾನಗಳಿಂದ ಕಟ್ಟಿಕೊಂಡ ಮೇಲ್ಪದರವನ್ನು ಹುಳಿ ತಿಂದುಹಾಕುತ್ತದೆ, ಜೊತೆಗೆ ಅಕ್ಷರವೂ ಹೋಗುತ್ತದೆ.

ಮೊದಲು ಆ ಹಸಿರು ಯಾವುದು ಅಂತ ನೋಡಿ. ಗಟ್ಟಿಯಾಗಿ, ನುಣುಪಾಗಿದ್ದರೆ ಅದೇ ಆ ಮೇಲ್ಪದರ. ಸುಮ್ನೆ ಬಿಡಿ. ಜಿಗುಟಾಗಿದ್ದರೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಆಲ್ಬಂನ ಕೆಲಸ. ಅದನ್ನು ಅಸಿಟೋನ್‌ನಲ್ಲಿ ತೊಳೆಯಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಆಮೇಲೆ ಆಲ್ಬಂ ಬದಲಿಸಿ. ತಿಳಿ ಹಸಿರು ಪುಡಿ ಉದುರುತ್ತಿದ್ದು, ಒರೆಸಿದ ಮೇಲೂ ಮತ್ತೆ ಬಂದರೆ ಮಾತ್ರ ಅದು ಕಂಚಿನ ರೋಗ. ಲೋಹದೊಳಗೆ ಸೇರಿಕೊಂಡ ಕ್ಲೋರೈಡ್ ಎಂಬ ಲವಣಕ್ಕೆ ತೇವ ಸಿಕ್ಕಿದರೆ ಹೀಗಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ?

ಮರದ ಹಲ್ಲುಕಡ್ಡಿಯಿಂದ ಪುಡಿಯನ್ನು ಕೆರೆದು ತೆಗೆಯಿರಿ. ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಸೋಡಾದಂಥ ಪುಡಿ ಬೆರೆಸಿದ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿ. ವಾರಗಟ್ಟಲೆ ಹಿಡಿಯುತ್ತದೆ, ಬಣ್ಣವೂ ಸ್ವಲ್ಪ ಬದಲಾಗಬಹುದು. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮುಂದಿನ ಮಳೆಗಾಲ ಮುಗಿಯುವವರೆಗೂ ಆಗಾಗ ತೆಗೆದು ನೋಡುತ್ತಿರಿ.

ಪ್ರಶ್ನೆ: ಟರ್ಕಿ ಪ್ರವಾಸಕ್ಕೆ ಹೊರಟಿದ್ದೇವೆ. ಅಲ್ಲಿ ಇಂಥ ನಾಣ್ಯ ಕೊಳ್ಳಬಹುದೇ? ನಮ್ಮ ಚಿತ್ರದುರ್ಗದ ಕಡೆಯೂ ಒಬ್ಬರು ಹೊಲದಲ್ಲಿ ಸಿಕ್ಕಿದ್ದು ಎಂದು ರೋಮನ್ ಕಂಚಿನ ನಾಣ್ಯ ತೋರಿಸಿದರು.

ಉತ್ತರ: ಟರ್ಕಿಯಲ್ಲಿ ಬೇಡವೇ ಬೇಡ. ಎಫೆಸಸ್‌ನಂಥ ಪ್ರಾಚೀನ ಅವಶೇಷಗಳ ಜಾಗದಲ್ಲಿ ಕೈಯಲ್ಲಿ ಹಿಡಿದು ಮಾರುವವರದು ಹೆಚ್ಚಾಗಿ ಅಚ್ಚಿಗೆ ಎರಕ ಹೊಯ್ದ ನಕಲಿ. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ತೂತು ಇರುತ್ತವೆ. ಅಕಸ್ಮಾತ್ ಅಸಲಿಯೇ ಆಗಿದ್ದರೆ ಇನ್ನೂ ಕಷ್ಟ. ಅದನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಜೈಲೂ ಆಗಬಹುದು.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿರುವುದು ನಿಜ. ಆದರೆ ಅವು ರೋಮ್‌ನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ, ದಿನೇರಿಯಸ್ ಎಂಬ ಬೆಳ್ಳಿಯ ನಾಣ್ಯಗಳು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಿದ್ದೂ ಬೆಳ್ಳಿಯದೇ. ಆ ಕಾಲದಲ್ಲಿ ವ್ಯಾಪಾರಕ್ಕೆ ಕಡಲು ದಾಟಿದ್ದು ಹೆಚ್ಚಾಗಿ ಬೆಳ್ಳಿ, ಬಂಗಾರ. ಒಂದು ಊರಿನ ಚಿಲ್ಲರೆ ಅಷ್ಟು ದೂರ ಬರುವುದು ಅಪರೂಪ ಅಲ್ವಾ? ಹಾಗಾಗಿ ಆ ಕಥೆಯನ್ನು ನಂಬಿ ದುಡ್ಡು ಕೊಡಬೇಡಿ. ನಿಜಕ್ಕೂ ಹೊಲದಲ್ಲೇ ಸಿಕ್ಕಿದ್ದಾದರೆ ಅದು ಮಾರುವ ವಸ್ತುವಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನಿದೆ. ಸಿಕ್ಕಿದ ಹಾಗೇ, ಉಜ್ಜದೆ, ಸಿಕ್ಕಿದ ಜಾಗವನ್ನು ಬರೆದುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಕೊಡಲು ಅವರಿಗೆ ಹೇಳಿ.