ಶಾಲೆಯ ಬೋರ್ಡಿನ ಪೀಠಿಕೆಯಲ್ಲಿ ‘ಸಮಾಜವಾದಿ’ ಪದ ಏಕಿಲ್ಲ?

ಶಾಲೆಯ ಗೋಡೆಯಲ್ಲಿ ಬರೆಸಿದ ಸಂವಿಧಾನದ ಪೀಠಿಕೆಯ ಫೋಟೊ ಕಳಿಸಿ ನೀವು ಕೇಳಿದ ಪ್ರಶ್ನೆ ಇದು. ಪೇಂಟರ್ ಪದ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಮಂಡ್ಯದ ನಿಮ್ಮ ಶಾಲೆಗೆ ಅವರು ನೋಡಿ ಬರೆದಿರುವುದು ಬಹುಶಃ ಸಂವಿಧಾನದ ಮೂಲಪ್ರತಿಯ ಪೀಠಿಕೆ. ‘ಸಮಾಜವಾದಿ’, ‘ಜಾತ್ಯತೀತ’ ಎರಡೂ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ.

ಮೊದಲು ಬಂಧುತ್ವದ ಸಾಲು ನೋಡಿ. ಬರೀ ‘ರಾಷ್ಟ್ರದ ಏಕತೆ’ ಎಂದಿದ್ದರೆ ಹಳೆಯ ಪಾಠ, ‘ಏಕತೆ ಮತ್ತು ಅಖಂಡತೆ’ ಎಂದಿದ್ದರೆ ಈಗಿನದು. ನಿಮ್ಮ ಫೋಟೊದಲ್ಲಿ ಆ ಸಾಲು ಕತ್ತರಿಸಿಹೋಗಿದೆ, ಹಾಗಾಗಿ ನಾನು ಹೇಳುತ್ತಿರುವುದು ಊಹೆ.

ಹಳೆಯದೇ ಆಗಿದ್ದರೆ ‘ಸಮಾಜವಾದಿ’, ‘ಜಾತ್ಯತೀತ’, ‘ಅಖಂಡತೆ’ ಮೂರೂ ಪದ ಸೇರಿಸಿಸಿ. ದಿನಾಂಕಕ್ಕೆ ಮಾತ್ರ ಕೈ ಹಾಕಬೇಡಿ! ತಿದ್ದುಪಡಿ ಆಗಿದ್ದರೂ 1949ರ ನವೆಂಬರ್ 26 ಎಂದೇ ಇರಬೇಕು. ಸಂವಿಧಾನ ರಚನಾ ಸಭೆ ಅದನ್ನು ಅಂಗೀಕರಿಸಿದ ದಿನ ಅದು. 1950ರ ಜನವರಿ 26 ಪೂರ್ತಿ ಜಾರಿಗೆ ಬಂದ ದಿನ. ಮೈಸೂರಿನಲ್ಲಿ ನಾವು ಬರೆಸಿದಾಗ ಯಾರೋ 1976 ಎಂದು ಹಾಕಿಸಿ, ಬಣ್ಣ ಒಣಗಿದ ಮೇಲೆ ಕೆರೆದು ತೆಗೆಸಬೇಕಾಯಿತು.

ಕನ್ನಡ ಅನುವಾದಗಳು ಒಂದೇ ತೆರನಾಗಿಲ್ಲ. ‘ಜಾತ್ಯತೀತ’ ಇರುವ ಕಡೆ ‘ಸರ್ವಧರ್ಮ ಸಮಭಾವದ’ ಎಂದೂ ಸಿಗುತ್ತದೆ. ಮಕ್ಕಳು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಓದುವ ಪಾಠವನ್ನೇ ಬರೆಸಿ, ಇಲ್ಲವಾದರೆ ಬಾಯಲ್ಲೊಂದು ಗೋಡೆಯಲ್ಲೊಂದು ಆಗುತ್ತದೆ.

‘ಭಾರತದ ಜನತೆಯಾದ ನಾವು’ ಎಂಬುದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ. ಅಧಿಕಾರದ ಮೂಲ ಜನ ಎಂಬ ತತ್ವ ಅಲ್ಲೇ ಇದೆ. ನಮ್ಮ ಮೈಸೂರಿನ ಮಹಾರಾಜರೂ 1949ರ ನವೆಂಬರ್ 25ರ ಘೋಷಣೆಯಲ್ಲಿ ಈ ಸಂವಿಧಾನವನ್ನು ಒಪ್ಪಿಕೊಂಡರು. ಅದನ್ನೂ ಮಕ್ಕಳಿಗೆ ಹೇಳಿ. ತಿದ್ದಿಸುವ ಮುಂಚೆ ಇಡೀ ಪಾಠವನ್ನು ಕಾಗದದಲ್ಲಿ ಬರೆದು ಪೇಂಟರ್ ಕೈಗೆ ಕೊಡಿ.