ಓದುಗರ ಪ್ರಶ್ನೆ: ನ್ಯೂಜಿಲೆಂಡಿನ ಗುಹೆ, ಬುಗ್ಗೆಗಳಿಗೆ ನಾಲ್ಕು ದಿನ

ಪ್ರಶ್ನೆ: ಪುತ್ತೂರು ಬಳಿಯ ಬೆಂದ್ರುತೀರ್ಥ ಕಂಡಾಗಿನಿಂದ ನಮ್ಮಿಬ್ಬರಿಗೂ ಬಿಸಿನೀರ ಬುಗ್ಗೆಗಳ ಗೀಳು. ಆಕ್ಲೆಂಡಿನಿಂದ ಕಾರು ಬಾಡಿಗೆಗೆ ಹಿಡಿದು ನಾಲ್ಕು ದಿನದಲ್ಲಿ ಗುಹೆ, ಬುಗ್ಗೆ ಎರಡನ್ನೂ ನೋಡಬಹುದೇ? (ದಂಪತಿ, ಮಂಗಳೂರು)

ಉತ್ತರ: ಧಾರಾಳವಾಗಿ. ಆದರೆ ನಕ್ಷೆಗಿಂತ ಮೊದಲು ಸಮುದ್ರದ ಇಳಿತದ ವೇಳಾಪಟ್ಟಿ ನೋಡಿ. ಕೊರೊಮಂಡೆಲ್ ಕರಾವಳಿಯ ‘ಹಾಟ್ ವಾಟರ್ ಬೀಚ್’ನಲ್ಲಿ ಮರಳು ತೋಡಿ ಬಿಸಿನೀರಿನಲ್ಲಿ ಕೂರಲು ಆಗುವುದು ಇಳಿತದ ಹಿಂದೆ ಮುಂದೆ ತಲಾ ಎರಡು ಗಂಟೆ ಮಾತ್ರ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಗಲಿಗೆ ಬೀಳುವ ಇಳಿತವನ್ನು ನಾಲ್ಕನೇ ದಿನಕ್ಕೆ ಹೊಂದಿಸಿಕೊಂಡು ಉಳಿದದ್ದನ್ನು ಹಿಂದಿನಿಂದ ಲೆಕ್ಕ ಹಾಕಿ: ಮೊದಲ ದಿನ ವೈಟೊಮೊ ಗುಹೆಗಳು (ಎರಡೂವರೆ ಗಂಟೆ ದಾರಿ), ಎರಡು, ಮೂರನೇ ದಿನ ಬಿಸಿನೀರ ಬುಗ್ಗೆಗಳ ಊರು ರೊಟೊರುವಾ, ಕೊನೆಗೆ ಬೀಚ್ ಮುಗಿಸಿ ಆಕ್ಲೆಂಡ್.

ಬೀಚಿನಲ್ಲಿ ಎಲ್ಲೆಂದರಲ್ಲಿ ತೋಡಿದರೆ ತಣ್ಣೀರೇ ಸಿಗುವುದು. ಒದ್ದೆ ಮರಳಿನಲ್ಲಿ ಪಾದ ಹುದುಗಿಸಿ ಬಿಸಿ ಹುಡುಕಿ. ಕೆಲವೆಡೆ ನೀರು 64 ಡಿಗ್ರಿವರೆಗೂ ಇರುತ್ತದೆ, ಸುಡುವ ಜಾಗದ ನೆತ್ತಿಯ ಮೇಲೇ ಅಗೆಯದೆ ಪಕ್ಕದಲ್ಲಿ ಅಗೆದು ಸಮುದ್ರದ ಕಡೆಯಿಂದ ಚಿಕ್ಕ ಕಾಲುವೆ ಬಿಡಿ. ಸಲಿಕೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಅಲೆ ಜೋರಿದ್ದರೆ ಇಳಿತದಲ್ಲೂ ಗುಂಡಿ ಕೊಚ್ಚಿಹೋದೀತು. ಸಮುದ್ರಕ್ಕೆ ಮಾತ್ರ ಇಳಿಯಬೇಡಿ, ಅಲ್ಲಿಯ ಸೆಳೆತ ಕೆಟ್ಟದ್ದು.

ಪ್ರಶ್ನೆ: ವೈಟೊಮೊದ ಮಿನುಗುಹುಳುಗಳನ್ನು ನೋಡಲು ರಾತ್ರಿಯೇ ಹೋಗಬೇಕೇ?

ಉತ್ತರ: ಬೇಡ. ಗುಹೆಯೊಳಗೆ ಸದಾ ಕತ್ತಲೆ, ಬೆಳಗಿನ ಮೊದಲ ಸರದಿಯೂ ಅಷ್ಟೇ ಚೆನ್ನ. ಅವು ನಮ್ಮ ಮಿಂಚುಹುಳಗಳಲ್ಲ, ಒಂದು ಬಗೆಯ ನೊಣದ ಮರಿಹುಳುಗಳು. ಅಂಟುನೂಲು ಇಳಿಬಿಟ್ಟು ಬೆಳಕು ತೋರಿ ಕೀಟ ಹಿಡಿಯುತ್ತವೆ. ಗುಹೆಯ ಹೊಳೆಯಲ್ಲಿ ದೋಣಿ ಹತ್ತಿಸಿ ತೋರಿಸುತ್ತಾರೆ, ಅದರಲ್ಲಿ ಫೋಟೊ ತೆಗೆಯುವಂತಿಲ್ಲ. ಜೋರು ಮಳೆ ಬಂದು ಒಳಗಿನ ಹೊಳೆ ಉಕ್ಕಿದರೆ ದೋಣಿಯೇ ಇಲ್ಲ, ಹಿಂದಿನ ದಿನ ವಿಚಾರಿಸಿ. ಒಳಗೆ ತಂಪು, ಒಂದು ಸ್ವೆಟರ್ ಇರಲಿ. ಮೆಟ್ಟಿಲು ಇಳಿಯಲು ಮಂಡಿನೋವು ಅಡ್ಡಿಯಾದರೆ ಸುತ್ತು ಇಳಿಜಾರಿನ ರುವಾಕುರಿ ಗುಹೆ ಅನುಕೂಲ.

ಪ್ರಶ್ನೆ: ರೊಟೊರುವಾದಲ್ಲಿ ಕಾಲುಂಗುರ, ಗೆಜ್ಜೆ ಕಪ್ಪಾಗುತ್ತವಂತೆ, ನಿಜವೇ?

ಉತ್ತರ: ನಿಜ. ಕೊಳೆತ ಮೊಟ್ಟೆಯ ವಾಸನೆ ಬರಿಸುವ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಯ ಮೇಲೆ ಕರಿಪದರ ಕಟ್ಟುತ್ತದೆ. ಬಿಚ್ಚಿಟ್ಟು ನೀರಿಗಿಳಿಯಿರಿ. ಕಪ್ಪಾದರೆ ಬಟ್ಟಲಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಂದು ದೊಡ್ಡ ಚಮಚ ಅಡುಗೆ ಸೋಡಾ, ಕುದಿನೀರು ಹಾಕಿ, ಒಡವೆ ಹಾಳೆಗೆ ತಾಗುವಂತೆ ಐದು ನಿಮಿಷ ಬಿಡಿ. ಕಲ್ಲು ಕೂರಿಸಿದ್ದಕ್ಕೆ ಈ ಉಪಾಯ ಬೇಡ.

ಬೆಳ್ಳಿಗಿಂತ ಚಿಂತಿಸಬೇಕಾದದ್ದು ಉಸಿರು. ಈ ಅನಿಲ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯ ಕೊಳದ ಮೇಲೆ ತಂಗುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಸೋತು ವಾಸನೆ ಗೊತ್ತಾಗುವುದೂ ನಿಲ್ಲುತ್ತದೆ. ವಸತಿಗೃಹದ ಖಾಸಗಿ ಕೊಳವಾದರೆ ಕಿಟಕಿ ತೆರೆದಿಡಿ, ಗಾಳಿಕಿಂಡಿಗೆ ಟವೆಲ್ ತುರುಕಬೇಡಿ, ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ.

ಪ್ರಶ್ನೆ: ಕಾಡಿನ ಬಿಸಿ ತೊರೆಯಲ್ಲಿ ಮುಳುಗು ಹಾಕಬಹುದೇ?

ಉತ್ತರ: ತೀರ್ಥ ಎಂದರೆ ಮೂರು ಮುಳುಗು ನಮ್ಮ ರೂಢಿ, ಅದನ್ನು ಅಲ್ಲಿ ಬಿಡಿ. ರೊಟೊರುವಾ ಬಳಿಯ ಕೆರೊಸಿನ್ ಕ್ರೀಕ್‌ನಂಥ ತೆರೆದ ತೊರೆಗಳಲ್ಲಿ ಮಿದುಳು ತಿನ್ನುವ ಅಮೀಬಾ ಇರಬಹುದು. ಮೂಗಿಗೆ ನೀರು ಹೋಗುವುದೇ ಅದರ ದಾರಿ, ಕುತ್ತಿಗೆಯವರೆಗೆ ಮಾತ್ರ ಕೂರಿ. ಒಮ್ಮೆಗೆ 15 ನಿಮಿಷ ಸಾಕು. ಕಾರಿನೊಳಗೆ ಬ್ಯಾಗು, ಪಾಸ್‌ಪೋರ್ಟು ಬಿಟ್ಟುಹೋಗಬೇಡಿ, ಅಲ್ಲಿ ಗಾಜು ಒಡೆಯುವ ಕಳ್ಳರ ಕಾಟವಿದೆ.

ಹತ್ತಿರದ ಬಿಸಿಬುಗ್ಗೆಗಳ ತಾಣ ವಾಯ್-ಓ-ಟಾಪುವಿನಲ್ಲಿ ಸ್ನಾನವಿಲ್ಲ, ನೋಡುವುದಷ್ಟೇ. ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಆ ಹೆಸರಿಗೆ ಪವಿತ್ರ ಜಲ ಎಂದರ್ಥ, ನಮ್ಮ ತೀರ್ಥವೇ ಅನ್ನಿ. ಲೇಡಿ ನಾಕ್ಸ್ ಚಿಲುಮೆಗೆ ದಿನವೂ ಬೆಳಗ್ಗೆ 10.15ಕ್ಕೆ ಸಾಬೂನು ಹಾಕಿ ಉಕ್ಕಿಸುತ್ತಾರೆ. ಟಿಕೆಟ್ ಕೊಡುವುದು ಚಿಲುಮೆಯ ಬಳಿಯಲ್ಲ, ಬೇರೆ ಕಡೆ, ಒಂಬತ್ತೂವರೆಗೇ ಟಿಕೆಟ್ ಕೊಡುವಲ್ಲಿರಿ.

ಪ್ರಶ್ನೆ: ಕಾರು ಓಡಿಸುವಾಗ ಏನು ಗಮನಿಸಬೇಕು?

ಉತ್ತರ: ಅಲ್ಲೂ ನಮ್ಮಂತೆ ಎಡಬದಿ. ಒಂಟಿ ಪಥದ ಸೇತುವೆಯ ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಿ. ಜಲ್ಲಿರಸ್ತೆಗೆ ವಿಮೆ ಅನ್ವಯಿಸುತ್ತದೆಯೇ ಎಂದು ಕೀಲಿ ಪಡೆಯುವ ಮುನ್ನವೇ ಕೇಳಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ದರೆ ವಿಮಾನನಿಲ್ದಾಣದ ಫಾರಂನಲ್ಲಿ ತಪ್ಪದೆ ಬರೆಯಿರಿ, ಮುಚ್ಚಿಟ್ಟರೆ 400 ನ್ಯೂಜಿಲೆಂಡ್ ಡಾಲರ್ ದಂಡ.